ಪಟದಲ್ಲಿ ಕಂಡ ಪರಿಚಯ

ಹೊಸಬನೊಬ್ಬನು ಊರಿಗೆ ಬಂದರೆ ನಮ್ಮ ಹಳ್ಳಿಗಳ ಹಿರಿಯರು ಅವನ ಮುಖವನ್ನು ನೋಡಿ ಸುಮ್ಮನಾಗುತ್ತಿರಲಿಲ್ಲ. ಯಾವ ಊರು, ಯಾರ ಮನೆಯವನು, ಯಾವ ಕೆಲಸವಾಗಿ ಬಂದದ್ದು, ಊಟವಾಯಿತೆ ಎಂದು ಒಂದೊಂದಾಗಿ ಕೇಳುತ್ತಿದ್ದರು. ಬಂದವನೂ ಅಷ್ಟೇ ಸಲಿಗೆಯಿಂದ ಅವರ ಮಳೆಬೆಳೆ, ಮಕ್ಕಳುಮರಿಗಳ ವಿಚಾರವನ್ನು ತಿರುಗಿ ಕೇಳುತ್ತಿದ್ದನು. ಪರಿಚಯವೆಂಬುದು ಹೀಗೆ ಎರಡು ಕಡೆಯಿಂದಲೂ ನಡೆಯತಕ್ಕ ವ್ಯವಹಾರ. ೧೮೩೯ರಲ್ಲಿ ಫ್ರಾನ್ಸ್ ದೇಶದ ಡಾಗೇರನ ಸಾಧನೆ ಲೋಕಕ್ಕೆ ಪ್ರಕಟವಾದಮೇಲೆ ಪರಿಚಯಕ್ಕೆ ಇನ್ನೊಂದು ದಾರಿ ತೆರೆಯಿತು. ಸಮುದ್ರದಾಚೆ ಇರುವ ಮನುಷ್ಯನ ಮುಖವನ್ನು, ಅವನನ್ನು ಒಂದು ಮಾತೂ ಕೇಳದೆ, ಮನೆಯಲ್ಲಿ ಕುಳಿತು ದಿಟ್ಟಿಸಿ ನೋಡುವುದು ಸಾಧ್ಯವಾಯಿತು. ಆದರೆ ಇಲ್ಲಿ ನೋಡುವವನಿಗೆ ಉಂಟಾದ ಅನುಕೂಲವು ನೋಡಿಸಿಕೊಳ್ಳುವವನಿಗೆ ಇರಲಿಲ್ಲ. ಪಟದೊಳಗಿನವನು ತಿರುಗಿ ಪ್ರಶ್ನೆ ಹಾಕುವಂತಿಲ್ಲ. ಹೀಗೆ ದೊರೆತ ಪರಿಚಯವು ಎಷ್ಟರಮಟ್ಟಿಗೆ ಪರಿಚಯವಾಯಿತು ಎಂಬುದನ್ನು ನಮ್ಮ ನಾಡಿನ ಕೆಲವು ನಿದರ್ಶನಗಳಿಂದ ವಿಚಾರಮಾಡುವುದು ಈ ಭಾಷಣದ ಉದ್ದೇಶ.

ಮೊದಲು ಯಂತ್ರದ ವಿಷಯವಾಗಿ ಒಂದು ಮಾತು. ಇಂಗ್ಲೆಂಡಿನ ಆರ್ಚರ್ ಎಂಬಾತನು ೧೮೫೧ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟನ್ನು ಬಳಿದು, ಅದು ಬೆಳ್ಳಿಯ ಲವಣವನ್ನು ಹೀರಿಕೊಂಡು ಇನ್ನೂ ಹಸಿಯಾಗಿರುವಾಗಲೇ ಪಟವನ್ನು ತೆಗೆದು, ಕಾಲುಗಂಟೆ ಕಳೆಯುವುದರೊಳಗಾಗಿ ಕತ್ತಲೆಯಲ್ಲಿ ತೊಳೆದು ಮುಗಿಸಬೇಕಾಗಿತ್ತು. ಛಾಯಾಗ್ರಾಹಕನು ಹೋದಲ್ಲೆಲ್ಲ ಕತ್ತಲೆಯ ಡೇರೆಯೊಂದು ಅವನ ಹಿಂದೆ ಹೋಗುತ್ತಿತ್ತು. ಎದುರಿಗೆ ಕುಳಿತವನು ಹಲವು ಸೆಕೆಂಡುಗಳ ಕಾಲ ಅಲುಗಾಡದೆ ಇರಬೇಕು. ತಲೆ ಅಲುಗದಿರಲೆಂದು ಹಿಂದಿನಿಂದ ಕಬ್ಬಿಣದ ಊರೆಗೋಲನ್ನು ಕೊಡುವುದೂ ಉಂಟು. ನಮ್ಮ ಮುತ್ತಜ್ಜಂದಿರ ಪಟಗಳಲ್ಲಿ ಕಾಣುವ ಬಿಗಿದ ತುಟಿ, ಗಡುಸಾದ ನೋಟ, ಇವನ್ನು ನೋಡಿ ಆ ಕಾಲದವರೆಲ್ಲ ಕಠಿನ ಸ್ವಭಾವದವರೆಂದು ತೀರ್ಮಾನಿಸುವವರು ಇದನ್ನು ನೆನೆಯಬೇಕು. ಆ ಗಡುಸಿನಲ್ಲಿ ಬಹುಭಾಗ ಯಂತ್ರಕ್ಕೆ ಸಲ್ಲತಕ್ಕದ್ದು. ೧೮೫೪ರ ಕೊನೆಯಲ್ಲಿ ಕ್ಯಾಪ್ಟನ್ ಟ್ರೈಪ್ ಎಂಬ ಅಧಿಕಾರಿಯು ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ತೆಗೆದುಕೊಂಡು ಹೋದನು. ಕಲ್ಲು ಅಲುಗುವುದಿಲ್ಲ; ಒಲ್ಲೆನೆಂದು ಓಡುವುದೂ ಇಲ್ಲ.

ಜನರ ಸರದಿ ಬೇಗನೆ ಬಂದಿತು. ೧೮೫೪ರಲ್ಲಿಯೇ ಬೊಂಬಾಯಿಯಲ್ಲಿ ಛಾಯಾಗ್ರಾಹಕರ ಸಂಘವೊಂದು ಏರ್ಪಟ್ಟಿತ್ತು. ಅಲ್ಲಿಯ ವಿಲಿಯಂ ಜಾನ್ಸನ್ ಎಂಬಾತನು ಆ ಪಟ್ಟಣದಲ್ಲಿ ನೆಲಸಿದ ಮತ್ತು ಅಲ್ಲಿಗೆ ಬಂದುಹೋಗುವ ನಾನಾ ಜನಾಂಗಗಳ ಚಿತ್ರಗಳನ್ನು ೧೮೬೩ ಮತ್ತು ೧೮೬೬ರಲ್ಲಿ ಎರಡು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟಿಸಿದನು. ಈ ಪುಸ್ತಕದಲ್ಲಿ ಒಂದು ಸ್ವಾರಸ್ಯವುಂಟು. ಮನುಷ್ಯರನ್ನು ಒಂದು ಕಡೆ ನಿಲ್ಲಿಸಿ ಪಟ ತೆಗೆದು, ಅನಂತರ ಬೇರೆ ಕಡೆ ತೆಗೆದ ಬೀದಿ, ಗುಡಿ, ಕೆರೆಗಳ ದೃಶ್ಯಗಳ ಮೇಲೆ ಅವರನ್ನು ಕತ್ತರಿಸಿ ಕೂಡಿಸಿದ್ದಾನೆ. ಗುಡಿಯ ಮುಂದೆ ನಿಂತಂತೆ ತೋರುವವನು ಆ ಗುಡಿಯನ್ನು ಕಂಡಿದ್ದನೋ ಇಲ್ಲವೋ! ಚಿತ್ರಕಾರನು ಸುಳ್ಳು ಹೇಳಬಹುದು, ಯಂತ್ರವು ಹೇಳಲಾರದು ಎಂಬ ನಂಬಿಕೆಯು ಬೇರೂರುತ್ತಿದ್ದ ಕಾಲದಲ್ಲಿಯೇ ಹೀಗೆ ನಡೆಯಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಕೂಡದು.

ಇದಕ್ಕಿಂತ ದೊಡ್ಡ ಉದ್ಯಮವನ್ನು ಸರ್ಕಾರವೇ ಕೈಗೊಂಡಿತು. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತು ಆತನ ಪತ್ನಿ ತಾವು ಕಂಡ ದೇಶದ ನೆನಪಿಗಾಗಿ ಇಲ್ಲಿನ ಜನರ ಪಟಗಳನ್ನು ಕೂಡಿಸಬೇಕೆಂದು ಬಯಸಿದ್ದರು. ೧೮೫೭ರ ದಂಗೆಯ ಅನಂತರ ಈ ಬಯಕೆಯು ರಾಜಕಾರ್ಯವಾಗಿ ಮಾರ್ಪಟ್ಟಿತು. ತಾವು ಆಳುತ್ತಿರುವ ಜನರನ್ನು ತಾವು ಅರಿಯೆವೆಂಬ ಭಯ ಆಳುವವರನ್ನು ಹಿಡಿದಿತ್ತು. ಅಧಿಕಾರಿಗಳೂ ಸೈನಿಕರೂ ಕಳುಹಿಸಿದ ಪಟಗಳನ್ನು ಫೋರ್ಬ್ಸ್ ವಾಟ್ಸನ್, ಜಾನ್ ಕೇ ಎಂಬಿಬ್ಬರು ಅಳವಡಿಸಿ, ‘ಭಾರತದ ಜನ’ ಎಂಬರ್ಥದ ಹೆಸರಿನಿಂದ ೧೮೬೮ರಿಂದ ೧೮೭೫ರ ವರೆಗೆ ಎಂಟು ಸಂಪುಟಗಳನ್ನು ಹೊರತಂದರು. ಅದರಲ್ಲಿರುವ ಪಟಗಳ ಸಂಖ್ಯೆ ನಾಲ್ಕು ನೂರಕ್ಕೂ ಹೆಚ್ಚು. ಪ್ರತಿ ಪಟದೊಡನೆ ಒಂದು ವಿವರಣೆ. ಇವರು ನಂಬಿಕಸ್ಥರು, ಇವರು ದನಗಳ್ಳರು, ಇವರು ಸರ್ಕಾರಕ್ಕೆ ವಿಧೇಯರು, ಇವರಲ್ಲಿ ಎಚ್ಚರದಿಂದಿರಬೇಕು ಎಂಬೀ ಬಗೆಯ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಒಬ್ಬನ ಮುಖವನ್ನು ತೋರಿಸಿ ಒಂದು ಜಾತಿಯ ಶೀಲವನ್ನು ಹೇಳುವುದು ಆ ಪುಸ್ತಕದ ರೀತಿ. ಪಟದೊಳಗಿನವನ ಸ್ವಂತ ಹೆಸರು ಬಹಳ ಕಡೆ ಇರುವುದೇ ಇಲ್ಲ. ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದು ಗಣಿಸುವ ಕಾನೂನು ೧೮೭೧ರಲ್ಲಿ, ಈ ಸಂಪುಟಗಳು ಅಚ್ಚಾಗುತ್ತಿದ್ದ ಕಾಲದಲ್ಲಿಯೇ, ಜಾರಿಗೆ ಬಂದಿತು. ಎರಡರ ಹಿಂದೆಯೂ ಇದ್ದ ಮನೋಧರ್ಮ ಒಂದೇ.

ಆ ಪುಸ್ತಕವನ್ನು ಭಾರತೀಯನೊಬ್ಬನು ನೋಡಿದರೆ ಏನಾಗುತ್ತಿತ್ತು? ಇದಕ್ಕೆ ಒಂದು ನೈಜ ಸಾಕ್ಷಿ ದೊರೆಯುತ್ತದೆ. ಅಲಿಗಢದ ವಿದ್ಯಾಸಂಸ್ಥೆಯನ್ನು ಮುಂದೆ ಸ್ಥಾಪಿಸಿದ ಸೈಯದ್ ಅಹಮದ್ ಖಾನರು ೧೮೬೯ರಲ್ಲಿ ಮಕ್ಕಳೊಡನೆ ಲಂಡನ್ನಿಗೆ ಹೋಗಿದ್ದರು. ಇಂಡಿಯಾ ಆಫೀಸಿನಲ್ಲಿ ಅವರ ಮಗ ಮಹಮೂದನು ಈ ಸಂಪುಟಗಳನ್ನು ತಿರುವಿಹಾಕುತ್ತಿದ್ದಾಗ ತರುಣ ಆಂಗ್ಲೇಯನೊಬ್ಬನು ಬಂದು, ನೀನೂ ಹಿಂದೂಸ್ಥಾನದವನೋ ಎಂದು ಕೇಳಿದನಂತೆ. ಹೌದೆಂದು ಹೇಳಿದ ಹುಡುಗನ ಮುಖ ನಾಚಿಕೆಯಿಂದ ಕೆಂಪೇರಿತು. ತಾನು ಅಲ್ಲಿಯ ಮೂಲನಿವಾಸಿಯಲ್ಲ, ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರು ಎಂದು ಅವನು ಅವಸರದಿಂದ ಸೇರಿಸಿದನು. ತಂದೆಯು ಈ ಪ್ರಸಂಗವನ್ನು ನೊಂದುಕೊಂಡು ಬರೆದಿದ್ದಾರೆ. ಪುಸ್ತಕವು ಮಾಡಿದ ಕೆಡುಕು ಇದರಲ್ಲಿ ಎರಡು ಪಟ್ಟಾಗಿ ಕಾಣುತ್ತದೆ. ಪರಕೀಯನಿಗೆ ಅದು ತಪ್ಪು ಪರಿಚಯವನ್ನು ಕೊಟ್ಟಿತು. ನಮ್ಮವನೇ ಆದ ಹುಡುಗನು ಪಟದಲ್ಲಿದ್ದ ತನ್ನ ದೇಶದವರಿಂದ ದೂರ ಸರಿದುಕೊಳ್ಳುವಂತೆ ಮಾಡಿತು.

ಅದೇ ೧೮೬೯ರಲ್ಲಿ ಲ್ಯಾಂಪ್ರೆ ಎಂಬ ಆಂಗ್ಲೇಯನು ಒಂದು ಹೊಸ ಉಪಾಯವನ್ನು ಪ್ರಕಟಿಸಿದನು. ಮರದ ಚೌಕಟ್ಟಿನಲ್ಲಿ ಎರಡೆರಡು ಅಂಗುಲಕ್ಕೊಂದರಂತೆ ರೇಷ್ಮೆಯ ದಾರಗಳನ್ನು ಅಡ್ಡವಾಗಿಯೂ ಉದ್ದವಾಗಿಯೂ ಕಟ್ಟಿ, ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಪಟ ತೆಗೆಯುವುದು. ಹಾಗೆ ಮಾಡಿದರೆ ಯಾವ ದೇಶದವನ ದೇಹವನ್ನಾದರೂ ಕುಳಿತಲ್ಲಿಯೇ ಅಳೆದು ಹೋಲಿಸಬಹುದೆಂದು ಆತನ ತರ್ಕ. ಅಳತೆಯಿಂದ ಮನುಷ್ಯನನ್ನು ತಿಳಿಯಬಹುದೆಂಬ ಈ ವಿಶ್ವಾಸವು ಮದರಾಸಿನ ಮ್ಯೂಸಿಯಮ್ಮಿನ ಅಧಿಕಾರಿ ಎಡ್ಗರ್ ಥರ್ಸ್ಟನ್ನನಲ್ಲಿಯೂ ದೃಢವಾಗಿತ್ತು. ಆತನು ಸಹಾಯಕರಾದ ರಂಗಾಚಾರ್ಯರೊಡನೆ ೧೯೦೯ರಲ್ಲಿ ದಕ್ಷಿಣ ಭಾರತದ ಜಾತಿಗಳನ್ನು ಕುರಿತ ಏಳು ಸಂಪುಟಗಳನ್ನು ಪ್ರಕಟಿಸಿದನು. ಅದರ ಪೀಠಿಕೆಯಲ್ಲಿ ತನ್ನ ಮೈಸೂರು ಸೀಮೆಯ ಪ್ರವಾಸದ ವೃತ್ತಾಂತವನ್ನು ವಿನೋದವಾಗಿ ಹೇಳಿಕೊಂಡಿದ್ದಾನೆ. ಈ ದೊರೆಯು ದಕ್ಷಿಣ ಆಫ್ರಿಕಕ್ಕೆ ಜನರನ್ನು ಹಿಡಿದು ಸಾಗಿಸಲು ಬಂದಿದ್ದಾನೆಂದು ನಂಬಿ ಊರಿಗೆ ಊರೇ ಅವನ ಮುಂದೆ ಓಡಿತಂತೆ. ಅಳತೆಗಾಗಿ ಹಣೆಯ ಮೇಲೆ ಇಟ್ಟ ಬಿಳಿಯ ಬಣ್ಣದ ಬೊಟ್ಟು ಬೊಬ್ಬೆಯೆದ್ದು ಅಂಕಿಯಾಗಿ ಮೂಡುವುದೆಂದೂ, ಆ ಗುರುತಿನಿಂದ ಮುಂದೆ ತಮ್ಮನ್ನು ಅಪಹರಿಸುವರೆಂದೂ ಜನ ಹೆದರಿದರು. ಎದೆ, ತಲೆ, ಪಾದಗಳನ್ನು ಅಳೆಯುವುದನ್ನು ಕಂಡು ಇವನು ಸಿಪಾಯಿಗಳಿಗೆ ಉಡುಪು ಹೊಲಿಯುವ ದರ್ಜಿಯೆಂದು ಕೆಲವರು ಶಂಕಿಸಿದರು. ಒಂದು ಊರಿನಲ್ಲಿ ತೇರನ್ನೆಳೆಯಲು ಆಳುಗಳೇ ಉಳಿಯಲಿಲ್ಲ. ಇನ್ನೊಂದು ಊರಿನ ಅಧಿಕಾರಿಯು, ಕ್ಷೌರಿಕನು ಓಡಿಹೋದನಾದ್ದರಿಂದ ಬೆಳೆದ ಗಡ್ಡದೊಡನೆಯೇ ಬಂದುದಕ್ಕೆ ಕ್ಷಮೆ ಕೇಳಿದನು.

ಇದನ್ನು ಓದಿದರೆ ನಗು ಬರುವುದು ಸಹಜ. ಥರ್ಸ್ಟನ್ನನೂ ನಗಿಸಲೆಂದೇ ಬರೆದನು. ಆದರೆ ೧೮೬೦ರಿಂದ ೧೯೧೧ರ ವರೆಗೆ ಮದರಾಸಿನ ಬಂದರಿನಿಂದ ದಕ್ಷಿಣ ಆಫ್ರಿಕದ ನೇಟಾಲಿಗೆ ಕರಾರಿನ ಕೂಲಿಗಳನ್ನು ಹಡಗು ಹಡಗಾಗಿ ಒಯ್ದದ್ದು ಸತ್ಯಸಂಗತಿ. ಹೆಸರು, ಊರು, ಮೈಮೇಲಿನ ಗುರುತು, ಎತ್ತರ ಇವನ್ನು ಬರೆದುಕೊಂಡೇ ಅವರನ್ನು ಹಡಗು ಹತ್ತಿಸುತ್ತಿದ್ದರು. ಹಾಗಿರುವಲ್ಲಿ ನಮ್ಮ ಹಳ್ಳಿಗರ ಭಯವು ಬರಿಯ ಮೌಢ್ಯವಲ್ಲ. ಅಪರಿಚಿತನೊಬ್ಬನು ಕಾರಣ ಹೇಳದೆ ತಮ್ಮನ್ನು ಅಳೆದು ಬರೆದುಕೊಂಡರೆ ಕೊನೆಗೆ ಅದು ಯಾರ ಪ್ರಯೋಜನಕ್ಕೆ ಬರುವುದೆಂಬುದು ಅವರಿಗೆ ಗೊತ್ತಿತ್ತು. ಥರ್ಸ್ಟನ್ನನು ಅವರನ್ನು ಅರಿತುದಕ್ಕಿಂತ ಅವರು ಥರ್ಸ್ಟನ್ನನನ್ನು ಹೆಚ್ಚಾಗಿ ಅರಿತಿದ್ದರೆಂದರೂ ಸಲ್ಲುತ್ತದೆ.

ಕನ್ನಡ ಮಾತನಾಡುವ ಜನ ಆಗ ಹಲವು ಸರ್ಕಾರಗಳ ಕೆಳಗೆ ಹಂಚಿಹೋಗಿದ್ದರಾಗಿ, ಅವರ ವರ್ಣನೆಯೂ ಹಲವು ಪುಸ್ತಕಗಳಲ್ಲಿ ಹಂಚಿಹೋಯಿತು. ದಕ್ಷಿಣ ಕನ್ನಡದವರು ಥರ್ಸ್ಟನ್ನನ ಸಂಪುಟಗಳಲ್ಲಿ ಸೇರಿದರು. ನಿಜಾಮರ ಸೀಮೆಯವರನ್ನು ಸೈಯದ್ ಸಿರಾಜುಲ್ ಹಸನ್ ಎಂಬವರು ೧೯೨೦ರಲ್ಲಿ ವರ್ಣಿಸಿದರು. ಮೈಸೂರಿನ ಜನಾಂಗಗಳ ಸಮೀಕ್ಷೆಯನ್ನು ಎಚ್. ವಿ. ನಂಜುಂಡಯ್ಯನವರು ಆರಂಭಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳೂ ಆದ ಅವರು ೧೯೨೦ರಲ್ಲಿ ತೀರಿಕೊಂಡಮೇಲೆ ಅನಂತಕೃಷ್ಣ ಅಯ್ಯರ್ ಅವರು ಆ ಕೆಲಸವನ್ನು ಮುಂದುವರಿಸಿ ೧೯೨೮ರಿಂದ ೧೯೩೫ರ ವರೆಗೆ ನಾಲ್ಕು ಸಂಪುಟಗಳನ್ನು ಸಚಿತ್ರವಾಗಿ ಪ್ರಕಟಿಸಿದರು. ಈ ಗ್ರಂಥಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಇಂದು ಮರೆಯಾಗಿರುವ ಎಷ್ಟೋ ಉಡುಗೆ, ಒಡವೆ, ಮದುವೆಯ ಪದ್ಧತಿ, ಹಬ್ಬದ ಆಚಾರಗಳು ಅವುಗಳಲ್ಲಿ ಮಾತ್ರ ಉಳಿದಿವೆ. ದೋಷವಿರುವುದು ಅವುಗಳಲ್ಲಿ ಕಾಣದಿರುವ ಒಂದು ಅಂಶದಲ್ಲಿ: ವರ್ಣಿತರಾದವರಿಗೆ ಆ ವರ್ಣನೆಯನ್ನು ಓದಿ ಹೌದೆನ್ನುವ, ಅಲ್ಲವೆನ್ನುವ ಅವಕಾಶವೇ ಇರಲಿಲ್ಲ.

ಉತ್ತರ ಕನ್ನಡವನ್ನು ೧೮೬೨ರಲ್ಲಿ ಮದರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದರು. ಕುಮಟೆಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಮೇಲೆ, ಮಿರ್ಜಾನದ ಕೋಟೆಯನ್ನು ದಾಟಿದಮೇಲೆ ಸಿಕ್ಕುವ ಹಿರೇಗುತ್ತಿ ಮೊದಲಾದ ಊರುಗಳ ಜನರು ಹೀಗೆ ಬೊಂಬಾಯಿಯ ಪುಸ್ತಕಗಳಲ್ಲಿ ಸೇರಿದರು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಕನ್ನಡ ಜಿಲ್ಲೆಯ ಗ್ಯಾಸೆಟಿಯರು ೧೮೮೩ರಲ್ಲಿ ಬಂದಿತು. ಎಂಥೋವನ್ನನ ಸಂಪುಟಗಳು ೧೯೨೦ರಿಂದ ೧೯೨೨ರ ವರೆಗೆ ಬಂದುವು. ಆ ಕರಾವಳಿಯ ಹಾಲಕ್ಕಿ ಒಕ್ಕಲಿಗರ ವರ್ಣನೆ ಇವುಗಳಲ್ಲಿ ವಿಸ್ತಾರವಾಗಿದೆ. ಹಾಲಕ್ಕಿಗಳು ನೆಲಸುವ ಕೇರಿಗೆ ಕೊಪ್ಪವೆಂದು ಹೆಸರು. ಅಲ್ಲಿ ಗೌಡನೆಂಬ ಹಿರಿಯನೂ, ಅವನಿಗೆ ನೆರವಾಗಿ ಬುದವಂತ, ಕೋಲಕಾರರೆಂಬವರೂ ನ್ಯಾಯನೀತಿಗಳನ್ನು ನೋಡಿಕೊಂಡು ಬಂದವರು. ಸುಗ್ಗಿಯ ಕಾಲದಲ್ಲಿ ಬಣ್ಣದ ತುರಾಯಿಗಳನ್ನು ಧರಿಸಿ ಕುಣಿಯುವ ಗಂಡಸರೂ, ಕೊರಳು ತುಂಬ ಕರಿಮಣಿಯ ಸರಗಳನ್ನು ಹಾಕಿ ರವಿಕೆಯಿಲ್ಲದೆ ಸೀರೆಯುಡುವ ಹೆಂಗಸರೂ ದೂರದಿಂದ ಬಂದವರ ಕಣ್ಣನ್ನು ಮೊದಲು ಸೆಳೆಯುತ್ತಾರೆ. ಪಟ ತೆಗೆಯುವವರಿಗೆ ಈ ಉಡುಗೆ ಒಡವೆಗಳೇ ಅಂದಿನಿಂದ ಇಂದಿನವರೆಗೂ ಮುಖ್ಯವಸ್ತು.

ಇದು ಬರಿಯ ನೋಟದ ವಿಚಾರವಲ್ಲ. ಹಾಲಕ್ಕಿಗಳು ತಮ್ಮನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕೆಂದು ದೀರ್ಘಕಾಲದಿಂದ ಕೇಳುತ್ತ ಬಂದಿದ್ದಾರೆ. ಯಾರನ್ನು ಪಂಗಡವೆನ್ನಬೇಕೆಂಬುದಕ್ಕೆ ೧೯೬೫ರಲ್ಲಿ ಲೋಕೂರ್ ಸಮಿತಿಯು ಐದು ಲಕ್ಷಣಗಳನ್ನು ಹೇಳಿತು: ಆದಿಮ ಲಕ್ಷಣಗಳು, ವಿಶಿಷ್ಟವಾದ ಸಂಸ್ಕೃತಿ, ಭೌಗೋಳಿಕವಾದ ಒಂಟಿತನ, ಹೊರಗಿನ ಜನರ ಸಂಪರ್ಕದಲ್ಲಿ ಸಂಕೋಚ, ಹಿಂದುಳಿದಿರುವಿಕೆ. ಇದನ್ನು ಮನಸ್ಸಿನಲ್ಲಿಟ್ಟು ಹಳೆಯ ಪಟಗಳನ್ನೂ ವರ್ಣನೆಗಳನ್ನೂ ಮತ್ತೆ ನೋಡಿರಿ. ಅಧಿಕಾರಿಯನ್ನು ಕಂಡು ಓಡಿದವನು ಸಂಕೋಚವುಳ್ಳವನೆಂದು ದಾಖಲೆಯಾದನು. ಧೈರ್ಯದಿಂದ ನಕ್ಕು ನಿಂತವನಿಗೆ ಆ ಲಕ್ಷಣವಿಲ್ಲವೆಂದಾಯಿತು. ಹೊಲ, ಗೇಣಿ, ವಿದ್ಯೆ, ಉದ್ಯೋಗಗಳನ್ನು ನಿಶ್ಚಯಿಸುವ ನ್ಯಾಯವು ಯಾರೋ ಯಾವಾಗಲೋ ಹೊರಗಿನಿಂದ ನೋಡಿ ಬರೆದ ಚಿತ್ರವನ್ನು ಅವಲಂಬಿಸಬೇಕಾಗಿ ಬರುತ್ತದೆ. ತಾವು ಬಡವರೆಂಬುದನ್ನಷ್ಟೇ ತೋರಿಸಿದರೆ ಸಾಲದೆ, ಪರಕೀಯನ ಕಣ್ಣಿಗೆ ತಾವು ವಿಚಿತ್ರವಾಗಿ ಕಾಣುತ್ತಿದ್ದೆವೆಂಬುದನ್ನೂ ಒಂದು ಜನವು ಸಾಕ್ಷಿಯಾಗಿ ತೋರಿಸಬೇಕಾದುದು ಎಂತಹ ಸಂಕಟ!

ಹಾಗಾದರೆ ಪಟದಿಂದ ಪರಿಚಯವೇ ಆಗದೆ? ಆಗುತ್ತದೆ. ಪಟವನ್ನು ಬೇಡಿದವರು ಯಾರು, ಅದರ ಕೆಳಗಿನ ಬರೆಹ ಯಾರದು, ಪ್ರತಿಯು ಯಾರ ಮನೆಗೆ ಹೋಯಿತು ಎಂದು ವಿಚಾರಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಜರ್ಮನಿಯ ಆಗಸ್ಟ್ ಸ್ಯಾಂಡರನು ತನ್ನ ಸೀಮೆಯ ರೈತರ ಮನೆಗಳಿಗೆ ತಾನೇ ಹೋಗಿ, ಅವರು ಕೇಳಿದ ಪಟಗಳನ್ನು ತೆಗೆದು, ಅವರಿಗೆ ಒಪ್ಪಿಸುತ್ತಿದ್ದನು. ಆ ಪರಿಚಯದಿಂದ ಬೆಳೆದ ಅರುವತ್ತು ಪಟಗಳ ಪುಸ್ತಕವನ್ನು ೧೯೨೯ರಲ್ಲಿ ಪ್ರಕಟಿಸಿದನು. ತಮ್ಮ ಕಲ್ಪನೆಯ ಜರ್ಮನ್ ಜನಾಂಗಕ್ಕೆ ಆ ಮುಖಗಳು ಹೊಂದಲಿಲ್ಲವೆಂದು ನಾಜಿಗಳು ೧೯೩೬ರಲ್ಲಿ ಅದರ ಅಚ್ಚಿನ ಫಲಕಗಳನ್ನು ನಾಶಮಾಡಿದರು. ಇಷ್ಟಾದರೂ ಸ್ಯಾಂಡರನ ಬರೆಹವೂ ನಿರ್ದುಷ್ಟವಲ್ಲ. ೧೯೧೪ರಲ್ಲಿ ಆತನು ತೆಗೆದ ಪ್ರಸಿದ್ಧವಾದ ಪಟದಲ್ಲಿ ಕೋಲು ಹಿಡಿದು ಕುಣಿತಕ್ಕೆ ಹೊರಟಿರುವ ಮೂವರು ತರುಣರನ್ನು ರೈತರೆಂದು ಹೆಸರಿಸಿದ್ದಾನೆ. ಬಹುಕಾಲದ ಮೇಲೆ ವಿಚಾರಿಸಿ ನೋಡಿದಾಗ ಅವರು ಸಮೀಪದ ಕಬ್ಬಿಣದ ಗಣಿಯಲ್ಲಿ ದುಡಿಯುತ್ತಿದ್ದವರೆಂದು ತಿಳಿಯಿತು. ಅವರಲ್ಲಿ ಒಬ್ಬನು ಯುದ್ಧದಿಂದ ಹಿಂದಿರುಗಲಿಲ್ಲ. ಪಟವು ಹೇಳದ ಈ ಮಾತನ್ನು ಊರಿನವರ ನೆನಪು ಹೇಳಿತು.

ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯುವುದು ಉಚಿತ. ೧೯೨೩ರಲ್ಲಿ ಜನಿಸಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ೨೦೦೯ರಲ್ಲಿ ತೀರಿಕೊಂಡ ಅವರು ದೀರ್ಘಕಾಲ ಪತ್ರಿಕೆಗಳಿಗಾಗಿ ಪಟ ತೆಗೆದವರು. ದೊಡ್ಡವರ ಪಟಗಳನ್ನೂ ತೆಗೆದರು. ಆದರೆ ಅವರ ಹೆಸರು ನಿಂತಿರುವುದು ಬೀದಿಯ, ಶಾಲೆಯ, ಹೊಲದ ಸಾಮಾನ್ಯ ಜನರ ಪಟಗಳಿಂದ. ೧೯೭೯ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಂದು, ಅವರು ತೆಗೆದ ಮಕ್ಕಳ ಪಟಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಆ ಮಕ್ಕಳನ್ನು ನೋಡುವಾಗ ಇದು ಯಾವ ಜಾತಿಯ ಮಾದರಿಯೆಂಬ ಪ್ರಶ್ನೆ ಏಳುವುದೇ ಇಲ್ಲ. ಈ ಹುಡುಗಿ ಯಾವುದಕ್ಕಾಗಿ ನಗುತ್ತಿದ್ದಾಳೆಂದು ತಿಳಿಯಬೇಕೆನ್ನಿಸುತ್ತದೆ. ಪರಿಚಯಕ್ಕೆ ಅದೇ ಆರಂಭ.

ಕೊನೆಯದಾಗಿ ಹಿರೇಗುತ್ತಿಯ ನೆರೆಯ ತಾಲ್ಲೂಕಿಗೇ ಸೇರಿದ ಒಂದು ಪಟದ ಮಾತು. ೨೦೨೧ರ ನವೆಂಬರಿನಲ್ಲಿ ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ವೃದ್ಧೆ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದರು. ತಮ್ಮ ನಿತ್ಯದ ಉಡುಗೆಯಲ್ಲಿ, ಕರಿಮಣಿಯ ಸರಗಳೊಡನೆ, ಬರಿಗಾಲಿನಲ್ಲಿ ಅವರು ನಡೆದುಹೋದ ಪಟ ಕೆಲವೇ ಗಂಟೆಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಲಕ್ಷಾಂತರ ಅಪರಿಚಿತರು ಅವರನ್ನು ನೋಡಿ ಕೈಮುಗಿದರು. ನೂರೈವತ್ತು ವರ್ಷಗಳ ಹಿಂದೆ ಇದೇ ಉಡುಗೆಯನ್ನು ಕಂಡವರಿಗೆ ಬಾರದ ಗೌರವಭಾವವು ಈಗ ಬಂದಿತೆಂಬುದು ಸಂತೋಷದ ಸಂಗತಿ. ಆದರೂ ಪಟದ ಕೆಳಗಿನ ಬರೆಹದಲ್ಲಿ ಎಲ್ಲರೂ ಎತ್ತಿ ಹೇಳಿದ್ದು ಬರಿಗಾಲನ್ನು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ಅರಣ್ಯ ಇಲಾಖೆಯ ಸಸಿಮಡಿಗೆ ಕೂಲಿಗೆ ಹೋಗಿ, ಅಕ್ಷರವನ್ನು ಕಲಿಯದೆ, ಯಾವ ತಾಯಿಮರದಿಂದ ಯಾವ ಹೊತ್ತಿನಲ್ಲಿ ಬೀಜವನ್ನು ಆರಿಸಿದರೆ ಮೊಳೆಯುವುದೆಂಬುದನ್ನು ದಶಕಗಳ ದುಡಿಮೆಯಿಂದ ಅರಿತವರು ಅವರು. ೧೯೮೬ರಲ್ಲಿಯೇ ಅವರಿಗೆ ವೃಕ್ಷಮಿತ್ರ ಪ್ರಶಸ್ತಿ ಸಂದಿತ್ತು. ಅಂದು ಅವರ ಪಟವನ್ನು ಹುಡುಕಿದವರು ಕಡಮೆ. ಅದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಸಂಖ್ಯಾತ ಹಾಡುಗಳನ್ನು ಬಾಯಲ್ಲಿಟ್ಟುಕೊಂಡಿದ್ದವರು. ಊರಿನಲ್ಲಿ ಸಾರಾಯಿಯ ವಿರುದ್ಧ ಹೋರಾಡಿದವರು. ೨೦೧೭ರಲ್ಲಿ ಪದ್ಮಶ್ರೀಯನ್ನು ಪಡೆದವರು. ತುಳಸಿ ಗೌಡರು ೨೦೨೪ರ ಡಿಸೆಂಬರಿನಲ್ಲಿಯೂ ಸುಕ್ರಿಯವರು ೨೦೨೫ರ ಫೆಬ್ರವರಿಯಲ್ಲಿಯೂ ತೀರಿಕೊಂಡರು. ಪಟಗಳು ಉಳಿದಿವೆ. ಕಾಲಿಗೆ ಪಾದರಕ್ಷೆಯಿರಲಿಲ್ಲವೆಂಬುದನ್ನು ಅವು ಎಂದೆಂದಿಗೂ ತೋರಿಸುತ್ತವೆ. ಬೀಜದ ವಿದ್ಯೆಯನ್ನೂ ಹಾಡನ್ನೂ ಪಟದಿಂದ ಪಡೆಯುವಂತಿಲ್ಲ. ಅದನ್ನು ಕೇಳಿ ಕಲಿತವರು ಎಷ್ಟು ಮಂದಿಯೋ, ಅಷ್ಟು ಮಾತ್ರ ಉಳಿಯಿತು.

ಕೇಳುವವರ ಮನೆಗಳಲ್ಲಿಯೂ ಹಳೆಯ ಪಟಗಳಿರುತ್ತವೆ. ಗೋಡೆಯ ಮೇಲೆ, ಪೆಟ್ಟಿಗೆಯ ತಳದಲ್ಲಿ, ಹಳೆಯ ಪಂಚಾಂಗಗಳ ನಡುವೆ ಹೆಸರು ತಿಳಿಯದ ಮುಖಗಳು ಎಷ್ಟೋ ಇವೆ. ಮದುವೆಯ ಗುಂಪಿನ ಅಂಚಿನಲ್ಲಿ ಕೆಲಸದಾಳೊಬ್ಬನು ಅರ್ಧ ಕಾಣುವಂತೆ ನಿಂತಿರುತ್ತಾನೆ. ಮಗುವನ್ನೆತ್ತಿಕೊಂಡ ಹೆಂಗಸು ಯಾರೆಂದು ಮನೆಯ ಹಿರಿಯಳೊಬ್ಬಳಿಗೆ ಮಾತ್ರ ಗೊತ್ತಿರುತ್ತದೆ. ಆಕೆಯು ಇರುವಷ್ಟರಲ್ಲಿ ಪಕ್ಕದಲ್ಲಿ ಕುಳಿತು ಕೇಳಿ, ಪ್ರತಿಯೊಬ್ಬರ ಹೆಸರನ್ನೂ, ಊರನ್ನೂ, ನೆನಪಿಗೆ ಬಂದ ಒಂದು ಮಾತನ್ನೂ ಪಟದ ಹಿಂಬದಿಯಲ್ಲಿ ಮೆಲ್ಲನೆ ಪೆನ್ಸಿಲಿನಿಂದ ಬರೆದಿಡಿರಿ. ಕೆಲಸದಾಳಿನ ಹೆಸರನ್ನು ಬಿಡಬೇಡಿರಿ. ಹಳ್ಳಿಗೆ ಹೋದಾಗ ಯಾರದಾದರೂ ಪಟವನ್ನು ತೆಗೆದರೆ ಮೊದಲು ಒಪ್ಪಿಗೆ ಕೇಳಿ, ಅನಂತರ ಒಂದು ಪ್ರತಿಯನ್ನು ತಪ್ಪದೆ ಕಳುಹಿಸಿರಿ. ಎಂಟು ಸಂಪುಟಗಳನ್ನು ಅಚ್ಚುಹಾಕಿಸಿದ ಸರ್ಕಾರಕ್ಕೆ ತೋರದೆ ಹೋದ ಈ ಸಣ್ಣ ಮರ್ಯಾದೆಯನ್ನು ನಡೆಸುವುದು ನಮ್ಮಲ್ಲಿ ಯಾರಿಗೂ ಕಷ್ಟವಲ್ಲ.